ಊರ ಬೆಕ್ಕಿನ ಊಳಿಗ

ವಿಜಯಪುರವನ್ನು ನೋಡಬಂದ ಪ್ರವಾಸಿಗರಲ್ಲಿ ಬಹುಮಂದಿ ತಲೆಯೆತ್ತಿಯೇ ನಡೆಯುವರು. ಅದು ಸಹಜವೂ ಹೌದು. ೧೬೫೬ರಲ್ಲಿ ತೀರಿಕೊಂಡ ಮುಹಮ್ಮದ ಆದಿಲಶಹನ ಸಮಾಧಿಯ ಮೇಲೆ ನಿಂತಿರುವ ಗೋಲಗುಮ್ಮಟವಾಗಲಿ, ಇಬ್ರಾಹಿಂ ರೋಜಾದ ಮಿನಾರುಗಳಾಗಲಿ ತಲೆ ತಗ್ಗಿಸಿದವರಿಗೆ ಕಾಣತಕ್ಕವಲ್ಲ. ಆದರೆ ಕತ್ತು ನೋಯತೊಡಗಿದಾಗಲಾದರೂ ದೃಷ್ಟಿಯನ್ನು ಒಮ್ಮೆ ಕೆಳಗಿಳಿಸಿದವರಿಗೆ ಇನ್ನೊಂದು ನೋಟ ದೊರೆಯುವುದುಂಟು: ಬಿಸಿಲಿಗೆ ಹದವಾಗಿ ಕಾದ ಕಲ್ಲಿನ ಮೇಲೆ, ಮುಂಗಾಲುಗಳನ್ನು ಎದೆಯಡಿ ಮಡಿಸಿಕೊಂಡು, ಅರೆಗಣ್ಣು ತೆರೆದು ಕುಳಿತ ಒಂದು ಬೆಕ್ಕು!

ಹುನ್ನೂರಿನಿಂದ ಜಮಖಂಡಿಯ ಮಾರ್ಗವಾಗಿ ಈ ನಗರಕ್ಕೆ ಬರುವ ಕುಟುಂಬಗಳಲ್ಲಿ ಇದನ್ನು ಮೊದಲು ಕಾಣುವವರು ಮಕ್ಕಳು. ಹಿರಿಯರು ಫಲಕದ ಮೇಲಿನ ಇಸವಿಗಳನ್ನು ಓದುತ್ತಿರುವಾಗ "ಅಪ್ಪಾ, ಅಲ್ಲಿ ನೋಡು, ಬೆಕ್ಕು!" ಎಂಬ ಕೂಗು ಏಳುತ್ತದೆ. "ಊರಾಗ ಬೆಕ್ಕು ಕಂಡಿಲ್ಲೇನು? ಗುಮ್ಮಟ ನೋಡು" ಎಂದು ತಂದೆ ಗದರುವುದೂ ರೂಢಿಯೇ. ಹುಡುಗನ ಬೆರಳು ತೋರಿದ್ದು ಸಹ ಇತಿಹಾಸವನ್ನೇ ಎಂಬುದು ಇಬ್ಬರಿಗೂ ತಿಳಿದಿರುವುದಿಲ್ಲ.

ನೋಡುವ ಬಗೆ

ಹಳೆಯ ಪಟ್ಟಣದಲ್ಲಿ ಬೆಕ್ಕನ್ನು ಕಾಣಬೇಕೆಂಬವರು ಹೊತ್ತು ನೋಡಿ ಹೊರಡಬೇಕು. ದಿನದ ಅರ್ಧಕ್ಕಿಂತ ಹೆಚ್ಚು ಕಾಲವನ್ನು ಈ ಪ್ರಾಣಿ ನಿದ್ದೆಯಲ್ಲಿ ಕಳೆಯುತ್ತದೆ. ಬೇಟೆಗೆ ಹೊರಡುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಚಳಿಗಾಲದ ಮುಂಜಾನೆ ಬಿಸಿಲು ಬೀಳುವ ಕಟ್ಟೆ, ಬೇಸಗೆಯ ಮಧ್ಯಾಹ್ನದಲ್ಲಿ ಗೋಡೆಯ ಬುಡದ ನೆರಳು, ಸಂಜೆ ಖಾನಾವಳಿಯ ಹಿತ್ತಲು, ಇವು ಅದರ ನೆಲೆಗಳು. ಬಾಲವನ್ನು ನೆಟ್ಟಗೆ ನಿಲ್ಲಿಸಿ ಬರುವ ಬೆಕ್ಕು ಸ್ನೇಹವನ್ನು ಸೂಚಿಸುತ್ತದೆ. ಕಿವಿಗಳನ್ನು ಹಿಂದಕ್ಕೆ ಮಡಿಸಿದ ಬೆಕ್ಕು ದೂರವಿರೆಂದು ಹೇಳುತ್ತದೆ. ಬೆನ್ನಟ್ಟಿದವರಿಗೆ ಅದು ಸಿಕ್ಕದು. ಸುಮ್ಮನೆ ಕುಳಿತು ಮೆಲ್ಲಗೆ ಕಣ್ಣು ಮುಚ್ಚಿ ತೆರೆದವರಿಗೆ ಒಮ್ಮೊಮ್ಮೆ ಅದೇ ರೀತಿ ಉತ್ತರ ಕೊಡುವುದುಂಟು.

ಕಾಳು ಮತ್ತು ನೂಲು

ಬೆಕ್ಕು ಮನುಷ್ಯನ ಬಳಿಗೆ ಬಂದುದು ಪ್ರೀತಿಯಿಂದಲ್ಲ, ವ್ಯವಹಾರದಿಂದ. ಪಶ್ಚಿಮ ಏಷ್ಯಾದಲ್ಲಿ ಮನುಷ್ಯನು ಬೆಳೆದ ಕಾಳನ್ನು ಕೂಡಿಡಲು ಕಲಿತಾಗ ಕಾಳಿಗೆ ಇಲಿ ಬಂದಿತು, ಇಲಿಗೆ ಕಾಡುಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು ೯,೫೦೦ ವರ್ಷಗಳಷ್ಟು ಹಳೆಯದಾದ ಮನುಷ್ಯನ ಸಮಾಧಿಯೊಂದರ ಪಕ್ಕದಲ್ಲೇ ಹೂಳಿದ್ದ ಬೆಕ್ಕಿನ ಅಸ್ಥಿ ದೊರೆತಿದೆ. ಅಷ್ಟು ಹಿಂದೆಯೇ ಆ ವ್ಯವಹಾರ ಸಹವಾಸವಾಗಿ ಮಾರ್ಪಟ್ಟಿತ್ತು.

ಹುನ್ನೂರಿನ ಸೀಮೆಯವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದು ಜೋಳದ ನಾಡು. ನೆಲದಡಿಯ ಹಗೇವಿನಲ್ಲಿ ಕಾಳು ತುಂಬಿಡುತ್ತಿದ್ದ ಕಾಲದಲ್ಲಿ ಇಲಿಯೆಂದರೆ ಅರ್ಧ ಬರಗಾಲವೇ ಸರಿ. ಹತ್ತಿರದ ರಬಕವಿ-ಬನಹಟ್ಟಿ ನೇಕಾರರ ಊರುಗಳು. ಮಗ್ಗಕ್ಕೆ ಏರುವ ಹಾಸಿನ ನೂಲಿಗೆ ಗಂಜಿ ಹಾಕಬೇಕು. ಆ ಗಂಜಿಯ ವಾಸನೆ ಇಲಿಗೆ ಔತಣದ ಕರೆ. ಒಂದು ರಾತ್ರಿಯಲ್ಲಿ ಹತ್ತೆಂಟು ಎಳೆಗಳು ಕಡಿದರೆ ನೇಕಾರನ ಒಂದು ದಿನದ ದುಡಿಮೆ ಗಂಟು ಹಾಕುವುದರಲ್ಲೇ ಕಳೆದಂತೆ. ಆದುದರಿಂದ ಮಾಳಿಗೆಯಿಂದ ಮಾಳಿಗೆಗೆ ಹಾರುತ್ತ, ಬೆಳಕಿಂಡಿಯಿಂದ ಒಳಗಿಳಿಯುವ ಬೆಕ್ಕನ್ನು ಯಾರೂ ತಡೆಯುತ್ತಿರಲಿಲ್ಲ. ಹಾಲನ್ನು ಮಾತ್ರ ನೆಲುವಿನ ಮೇಲೆ ಇಟ್ಟರೆ ಸಾಕಾಗುತ್ತಿತ್ತು. ಅದು ಯಾರ ಮನೆಯ ಬೆಕ್ಕೂ ಆಗಿರಲಿಲ್ಲ, ಎಲ್ಲರ ಮನೆಯ ಬೆಕ್ಕೂ ಆಗಿತ್ತು.

ಕ್ಯೋಟೋದ ರಾಜಾಜ್ಞೆ

ಇದೇ ವ್ಯವಹಾರ ಒಂದು ರಾಜಧಾನಿಯಲ್ಲಿ ಸರಕಾರದ ಆಜ್ಞೆಯಾಗಿಯೇ ಹೊರಟ ಪ್ರಸಂಗವುಂಟು. ಜಪಾನಿನ ಕ್ಯೋಟೋ ೭೯೪ರಿಂದ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಚಕ್ರವರ್ತಿಗಳ ನಗರವಾಗಿತ್ತು. ಇಂದು ಅದರ ದೇವಾಲಯಗಳನ್ನು ನೋಡಹೋದವರು ಕಲ್ಲುಹಾಸಿನ ಓಣಿಗಳಲ್ಲಿ, ಗುಡಿಯ ಮೆಟ್ಟಿಲುಗಳ ಮೇಲೆ ಮೋಟುಬಾಲದ ಬೆಕ್ಕುಗಳನ್ನು ಹುಡುಕುವುದೂ ಪ್ರವಾಸದ ಒಂದು ವಿನೋದವಾಗಿದೆ.

ಮೊದಲು ಅಲ್ಲಿ ಬೆಕ್ಕು ಬೀದಿಯ ಪ್ರಾಣಿಯಾಗಿರಲಿಲ್ಲ, ಅಂತಃಪುರದ ಅಲಂಕಾರವಾಗಿತ್ತು. ಚಕ್ರವರ್ತಿ ಊಡಾ ೮೮೯ರಲ್ಲಿ ತನ್ನ ದಿನಚರಿಯಲ್ಲಿ ಒಂದು ಕರಿಯ ಬೆಕ್ಕಿನ ಗುಣಗಾನ ಮಾಡಿದ್ದಾನೆ. ಮುಂದೆ ಇಚಿಜೋ ಚಕ್ರವರ್ತಿಯು ತನ್ನ ಬೆಕ್ಕಿಗೆ ಆಸ್ಥಾನದ ಪದವಿಯನ್ನೇ ದಯಪಾಲಿಸಿದನೆಂದು ಆ ಅರಮನೆಯಲ್ಲಿದ್ದ ಲೇಖಕಿ ಸೇಯಿ ಶೋನಾಗೊನ್ ಬರೆದಿಟ್ಟಿದ್ದಾಳೆ. ಇಂಥ ಅಮೂಲ್ಯ ಪ್ರಾಣಿಯನ್ನು ಹೊರಗೆ ಬಿಡುವುದುಂಟೆ? ಶ್ರೀಮಂತರು ಅದಕ್ಕೆ ಹಗ್ಗ ಕಟ್ಟಿ ಸಾಕಿದರು. ಕಟ್ಟಿದ ಬೆಕ್ಕಿನ ಕಣ್ಣೆದುರಿಗೇ ಇಲಿಗಳು ಊರನ್ನು ಆಳಿದವು.

ಕಡೆಗೆ ೧೬೦೨ರಲ್ಲಿ ಆಜ್ಞೆ ಹೊರಟಿತು: ನಗರದ ಬೆಕ್ಕುಗಳ ಹಗ್ಗ ಬಿಚ್ಚಿ ಬಿಡತಕ್ಕದ್ದು, ಅವುಗಳನ್ನು ಮಾರುವುದಾಗಲಿ ಕೊಳ್ಳುವುದಾಗಲಿ ಕೂಡದು. ಬಿಡುಗಡೆಯೇನೋ ದೊರೆಯಿತು, ಅದರ ಬೆನ್ನಿಗೇ ದಾರಿ ತಪ್ಪುವ, ನಾಯಿಯ ಬಾಯಿಗೆ ಬೀಳುವ ಕಷ್ಟವೂ ಬಂದಿತೆಂದು ಅಲ್ಲಿಯ ಹಳೆಯ ಕಥೆ ಹೇಳುತ್ತದೆ. ಅದೇ ಕ್ಯೋಟೋ ಪ್ರಾಂತದ ಉತ್ತರಕ್ಕೆ, ರೇಷ್ಮೆ ನೇಯುವ ತಾಂಗೊ ಸೀಮೆಯ ಕೊತೊಹಿರಾ ಗುಡಿಯ ಆವರಣದಲ್ಲಿ ಸಿಂಹಗಳ ಬದಲಿಗೆ ಕಲ್ಲಿನ ಬೆಕ್ಕುಗಳು ಕಾವಲು ಕುಳಿತಿವೆ. ರೇಷ್ಮೆಹುಳುವನ್ನು ಇಲಿಯಿಂದ ಉಳಿಸಿದ ಪ್ರಾಣಿಗೆ ನೇಕಾರರ ನಾಡು ಸಲ್ಲಿಸಿದ ಕಾಣಿಕೆಯದು. ಬನಹಟ್ಟಿಯ ನೇಕಾರನು ಅಲ್ಲಿಗೆ ಹೋದರೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗದು.

ನಾಯಿಗೆ ಶಿಲೆ, ಬೆಕ್ಕಿಗೆ ಗುಡಿ

ನಮ್ಮ ನಾಡಿನಲ್ಲಿ ಕೀರ್ತಿಯೆಲ್ಲ ನಾಯಿಯ ಪಾಲಾಯಿತು. ಹುನ್ನೂರಿಗೆ ನೆರೆಯದಾದ ಮುಧೋಳದ ಬೇಟೆನಾಯಿಗೆ ೨೦೦೫ರಲ್ಲಿ ಅಂಚೆಚೀಟಿಯ ಗೌರವ ಸಂದಿತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಹಂದಿಯೊಡನೆ ಹೋರಾಡಿ ಮಡಿದ 'ಕಾಳಿ' ಎಂಬ ನಾಯಿಯ ನೆನಪಿಗೆ ಹತ್ತನೆಯ ಶತಮಾನದಲ್ಲೇ ಶಾಸನ ನಿಂತಿತು. ಆ ಶಿಲೆ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಬೆಕ್ಕಿಗೆ ಮಾತ್ರ ಅಡ್ಡ ಬಂದ ಅಪಶಕುನದ ಅಪಕೀರ್ತಿ! ಆದರೆ ಅದೇ ಮದ್ದೂರು ತಾಲ್ಲೂಕಿನ ಬೆಕ್ಕಳಲೆ ಎಂಬ ಹಳ್ಳಿಯಲ್ಲಿ ಮಂಗಮ್ಮ ದೇವಿಯನ್ನು ಬೆಕ್ಕಿನ ರೂಪದಲ್ಲಿ ಪೂಜಿಸುತ್ತಾರೆ. ಅಲ್ಲಿ ಬೆಕ್ಕಿಗೆ ಹಿಂಸೆ ಮಾಡುವವರಿಲ್ಲ. ಒಂದೇ ತಾಲ್ಲೂಕಿನಲ್ಲಿ ನಾಯಿಗೆ ಕಲ್ಲು, ಬೆಕ್ಕಿಗೆ ಗುಡಿ! ಊಳಿಗಕ್ಕೆ ಋಣ ಸಲ್ಲಿಸುವುದು ಕನ್ನಡಿಗರಿಗೆ ಹೊಸತೇನಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಊಳಿಗ ಮುಗಿದ ಮೇಲೆ

ಈಗ ಹಗೇವುಗಳು ಮುಚ್ಚಿಹೋಗುತ್ತಿವೆ. ಕಾಳು ತಗಡಿನ ಡಬ್ಬಿಯನ್ನು ಸೇರಿತು, ಮಾಳಿಗೆಯ ಜಾಗದಲ್ಲಿ ಕಾಂಕ್ರೀಟಿನ ಛಾವಣಿ ಬಂದಿತು, ಬೆಳಕಿಂಡಿ ಮಾಯವಾಯಿತು. ಇಲಿಗೆ ಪಾಷಾಣವಿಡುವುದು ಸುಲಭವಾಯಿತು. ವಿಷ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯುವುದುಂಟು. ಎಲ್ಲರ ಮನೆಯದಾಗಿದ್ದ ಬೆಕ್ಕು ಹೀಗೆ ಯಾರ ಮನೆಯದೂ ಅಲ್ಲದಾಗುತ್ತಿದೆ.

ಕೇವಲ ಮರುಕದಿಂದ ಈ ಪ್ರಶ್ನೆ ಬಗೆಹರಿಯದು. ಬೆಕ್ಕು ಗಬ್ಬವಾದರೆ ಸುಮಾರು ಒಂಬತ್ತು ವಾರಗಳಲ್ಲಿ ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಮೂರು ಸಲ ಈಯಬಲ್ಲದು. ಅನ್ನವನ್ನಷ್ಟೇ ಹಾಕಿ ಕೈ ತೊಳೆದುಕೊಂಡರೆ ಮರಿಗಳ ಸಂಖ್ಯೆಯೊಡನೆ ಅವುಗಳ ಸಂಕಟವೂ, ನೆರೆಯವರ ಸಿಟ್ಟೂ, ಹಕ್ಕಿಗಳ ಪ್ರಾಣಭಯವೂ ಬೆಳೆಯುತ್ತವೆ. ಜಪಾನಿನಲ್ಲಿ ಓಣಿಯವರೇ ಸೇರಿ ಬೀದಿಬೆಕ್ಕುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸುವ ಪದ್ಧತಿಯುಂಟು. ಚಿಕಿತ್ಸೆಯಾದುದರ ಗುರುತಿಗಾಗಿ ಕಿವಿಯ ತುದಿಯನ್ನು ಕತ್ತರಿಸುತ್ತಾರೆ; ಆ ಕಿವಿ ಚೆರ್ರಿ ಹೂವಿನ ಎಸಳಿನಂತೆ ಕಾಣುವುದರಿಂದ ಅವಕ್ಕೆ ಹೂವಿನದೇ ಹೆಸರು. ನೆರೆಹೊರೆಗೆ ತೊಂದರೆಯಾಗುವಂತೆ ಉಣಿಸು ಹಾಕಬಾರದೆಂದು ಕ್ಯೋಟೋ ನಗರ ೨೦೧೫ರಲ್ಲಿ ನಿಯಮವನ್ನೂ ಮಾಡಿತು. ೧೬೦೨ರಲ್ಲಿ ಹಗ್ಗ ಬಿಚ್ಚಿದ ನಗರ ಅದರ ಮುಂದಿನ ಹೊಣೆಯನ್ನು ಹೊರಲು ನಾಲ್ಕು ಶತಮಾನ ತೆಗೆದುಕೊಂಡಿತು!

ನಮ್ಮ ಊರುಗಳು ಅಷ್ಟು ತಡಮಾಡಬೇಕಾಗಿಲ್ಲ. ಓಣಿಯ ನಾಲ್ಕು ಮನೆಯವರು ಕೂಡಿ ಪಶುವೈದ್ಯರನ್ನು ಕಂಡರೆ ಮೊದಲ ಹೆಜ್ಜೆಯಿಟ್ಟಂತಾಯಿತು. ಬೇಸಗೆಯಲ್ಲಿ ನೆರಳಿನಲ್ಲೊಂದು ಬಟ್ಟಲು ನೀರಿಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಪ್ರವಾಸದಲ್ಲಿ ಬೆಕ್ಕು ಕಂಡ ಮಕ್ಕಳಿಗೆ ದೂರದಿಂದ ನೋಡಿ ನಲಿಯಲು ಕಲಿಸಬೇಕು. ಹಿಡಿಯಹೋಗಿ ಅದು ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು, ತಡಮಾಡದೆ ವೈದ್ಯರ ಬಳಿಗೆ ಹೋಗಿ ಹುಚ್ಚುರೋಗದ ಲಸಿಕೆಯ ವಿಷಯ ವಿಚಾರಿಸಬೇಕು.

ದೊರೆಗಳು ಕಟ್ಟಿಸಿದ ಗುಮ್ಮಟವನ್ನು ಕಾಯಲು ಸರಕಾರದ ಇಲಾಖೆಯಿದೆ, ಕಾನೂನಿದೆ, ಕಾವಲುಗಾರರಿದ್ದಾರೆ. ಆ ಊರಿನ ಕಾಳನ್ನೂ ನೂಲನ್ನೂ ಸಂಬಳವಿಲ್ಲದೆ ಕಾದ ಕಾವಲುಗಾರನನ್ನು ಕಾಯುವ ಭಾರ ಮಾತ್ರ ಊರಿನವರದೇ.