ಮೂರು ಸೆಂಟಿಮೀಟರಿನ ಬೆಲೆ

ವೇಗಕ್ಕೆಂದೇ ನಿರ್ಮಿತವಾದ ಕಾರುಗಳು ನೆಲಕ್ಕೆ ಅಂಟಿಕೊಂಡಂತೆ ಕಾಣುವುದನ್ನು ವಾಚಕರು ಗಮನಿಸಿರಬಹುದು. ಈ ತಗ್ಗು ನಿಲುವು ಬರಿಯ ಅಲಂಕಾರವಲ್ಲ. ಅದರ ಹಿಂದೆ ಬಲವಿಜ್ಞಾನದ ತತ್ತ್ವವೊಂದಿದೆ. ಆದರೆ ಆ ತತ್ತ್ವದಿಂದ ದೊರೆಯುವ ಲಾಭವೆಷ್ಟು, ಅದಕ್ಕಾಗಿ ತೆರಬೇಕಾದ ಬೆಲೆಯೆಷ್ಟು ಎಂದು ಲೆಕ್ಕ ಹಾಕಿ ನೋಡುವವರು ವಿರಳ. ಕಳೆದ ಬೇಸಗೆಯಲ್ಲಿ ಇಂಥ ಲೆಕ್ಕವನ್ನು ಮಾಡುವ ಸಂದರ್ಭ ನಮಗೊದಗಿತು.

ಬೆಳಗಾವಿಯಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು, ಇಬ್ಬರು ಮಾತ್ರ ಕೂರಬಹುದಾದ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದರು. ಶನಿವಾರ ಶನಿವಾರ ಅದರಲ್ಲಿ ಖಾನಾಪುರಕ್ಕೆ ಹೋಗಿ, ಬೆನ್ನುನೋವಿನಿಂದ ಬಳಲುತ್ತಿರುವ ತಾಯಿಯವರನ್ನು ಚಿಕಿತ್ಸೆಗಾಗಿ ನಗರಕ್ಕೆ ಕರೆತರುವುದು ಅವರ ವಾಡಿಕೆ. ಕಾರನ್ನು 3 ಸೆಂಟಿಮೀಟರಿನಷ್ಟು ತಗ್ಗಿಸುವ ನಾಲ್ಕು ಗಿಡ್ಡ ಸ್ಪ್ರಿಂಗುಗಳನ್ನು ತರಿಸಿಕೊಂಡು ಅವರು ನಮ್ಮಲ್ಲಿಗೆ ಬಂದರು. “ಸರ್, ಇವನ್ನ ಹಾಕಿಸಿದರ ತಿರುವಿನ್ಯಾಗ ಗಾಡಿ ಗಟ್ಟಿ ನಿಲ್ಲತೈತಿ ಅಂತಾರ. ಖರೇ ಏನ್ರಿ?” ಎಂದು ಕೇಳಿದರು.

ಮೊದಲು ಲಾಭವನ್ನು ನೋಡೋಣ. ಕಾರು ತಿರುವಿನಲ್ಲಿ ಸಾಗುವಾಗ ಟೈರುಗಳು ನೆಲದ ಮಟ್ಟದಲ್ಲಿ ಅದನ್ನು ಒಳಕ್ಕೆ ಸೆಳೆಯುತ್ತವೆ. ನೆಲದಿಂದ ಮೇಲಿರುವ ಗುರುತ್ವಕೇಂದ್ರವಾದರೋ ಜಡತ್ವದಿಂದ ನೇರವಾಗಿ ಸಾಗಬಯಸುತ್ತದೆ. ಇದರಿಂದಾಗಿ ಒಳಬದಿಯ ಚಕ್ರಗಳ ಭಾರದ ಒಂದು ಪಾಲು ಹೊರಬದಿಯ ಚಕ್ರಗಳಿಗೆ ವರ್ಗವಾಗುತ್ತದೆ. ಹೊರಬದಿಯ ಟೈರು ಈ ಅಧಿಕ ಭಾರದಿಂದ ಗಳಿಸುವ ಹಿಡಿತವು ಒಳಬದಿಯ ಟೈರು ಕಳೆದುಕೊಳ್ಳುವ ಹಿಡಿತಕ್ಕೆ ಸಮನಾಗದು. ಆದಕಾರಣ ವರ್ಗವಾಗುವ ಭಾರ ಕಡಿಮೆಯಾದಷ್ಟೂ ಒಳ್ಳೆಯದು. ಈ ಭಾರವು ಗುರುತ್ವಕೇಂದ್ರದ ಎತ್ತರಕ್ಕೆ ಅನುಪಾತದಲ್ಲಿರುತ್ತದೆ. ಆ ಎತ್ತರ 50 ಸೆಂ.ಮೀ. ಎಂದಿಟ್ಟುಕೊಂಡರೆ, 3 ಸೆಂ.ಮೀ. ಇಳಿಸಿದಾಗ ವರ್ಗಾವಣೆ ಹೆಚ್ಚೆಂದರೆ ಶೇಕಡ 6ರಷ್ಟು ತಗ್ಗುತ್ತದೆ. ಲಾಭವಿರುವುದು ನಿಜ, ಆದರೆ ಅದು ಇಷ್ಟೇ.

ಇನ್ನು ಬೆಲೆಯ ವಿಚಾರ. ಸ್ಪ್ರಿಂಗನ್ನು ಎಷ್ಟು ಅದುಮಿದರೆ ಅದರ ಪ್ರತಿಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುವುದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಈ ನಿಯಮದಿಂದ ಇನ್ನೊಂದು ಸಂಗತಿ ಹೊರಡುತ್ತದೆ. ಕಾರಿನ ಸಹಜ ನಿಲುವಿನಿಂದಾಚೆಗೆ ಸ್ಪ್ರಿಂಗು ನುಂಗಬಲ್ಲ ಹೊಡೆತದ ಶಕ್ತಿಯು ಅದುಮಿದ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ನಮ್ಮ ಮುಂದಿದ್ದ ಕಾರಿನಲ್ಲಿ ಚಕ್ರವು 8 ಸೆಂ.ಮೀ. ಮೇಲೇರಿದಾಗ ರಬ್ಬರಿನ ತಡೆಗೆ ತಾಗುತ್ತಿತ್ತು. ಕಾರನ್ನು ತಗ್ಗಿಸಿದರೆ ಉಳಿಯುವುದು 5 ಸೆಂ.ಮೀ. ಮಾತ್ರ. 8ರ ವರ್ಗ 64; 5ರ ವರ್ಗ 25. ಎಂದರೆ, ಅದೇ ಹೊಡೆತವನ್ನು ತಡೆಗೆ ತಾಗದಂತೆ ನುಂಗಬೇಕಾದರೆ ಹೊಸ ಸ್ಪ್ರಿಂಗು ಹಳೆಯದಕ್ಕಿಂತ ಎರಡೂವರೆ ಪಟ್ಟು ಬಿಗಿಯಾಗಿರಬೇಕು!

ತಂದಿದ್ದ ಸ್ಪ್ರಿಂಗುಗಳಾದರೋ ಹಳೆಯವಕ್ಕಿಂತ ಕಾಲುಭಾಗದಷ್ಟೇ ಹೆಚ್ಚು ಬಿಗಿಯಾಗಿದ್ದವು. ಷಾಕ್ ಅಬ್ಸಾರ್ಬರಿನ ಕೆಲಸವನ್ನು ಸದ್ಯಕ್ಕೆ ಬದಿಗಿಟ್ಟರೆ, ಮೊದಲು ನುಂಗುತ್ತಿದ್ದ ಶಕ್ತಿಯಲ್ಲಿ ಅವು ಅರ್ಧವನ್ನಷ್ಟೇ ನುಂಗಬಲ್ಲವು. ಮಿಕ್ಕದ್ದು ರಬ್ಬರಿನ ತಡೆಯ ಮೂಲಕ ಕಾರಿನ ಒಡಲಿಗೂ ಕುಳಿತವರ ಬೆನ್ನೆಲುಬಿಗೂ ತಲಪುವುದು. ಅಷ್ಟೂ ಅಲ್ಲದೆ, ನಿಮಿಷಕ್ಕೆ 78 ಸಲ ತೂಗುತ್ತಿದ್ದ ಕಾರು 87 ಸಲ ತೂಗತೊಡಗುವುದು.

ಲೆಕ್ಕವನ್ನು ರಸ್ತೆಯಲ್ಲಿ ಪರೀಕ್ಷಿಸಲು ನಿಶ್ಚಯಿಸಿದೆವು. ಹಳೆಯ ಸ್ಪ್ರಿಂಗುಗಳೇ ಇರುವಂತೆ, ಷಾಕ್ ಅಬ್ಸಾರ್ಬರಿನ ನುಣುಪಾದ ದಂಡಕ್ಕೆ ರಬ್ಬರಿನ ಬಳೆಯೊಂದನ್ನು ತೊಡಿಸಿದೆವು. ದಂಡವು ಒಳಸರಿದಾಗ ಬಳೆ ಜರುಗಿ, ಅತಿ ದೊಡ್ಡ ಹೊಡೆತದ ಗುರುತನ್ನು ಉಳಿಸಿಕೊಳ್ಳುತ್ತದೆ. ಉದ್ಯಮಬಾಗ, ಮಚ್ಛೆಗಳನ್ನು ದಾಟಿ ಸುಮಾರು 25 ಕಿಲೊಮೀಟರು ದೂರದ ಖಾನಾಪುರಕ್ಕೆ ಹೋಗಿಬಂದು ಅಳೆದೆವು. ಚಕ್ರದ ಚಲನೆಗೆ ಹೊಂದಿಸಿದಾಗ ದೊರೆತ ಅಂಕಿ ಆರೂವರೆ ಸೆಂ.ಮೀ. ಹೊಸ ಸ್ಪ್ರಿಂಗು ಹಾಕಿಸಿದ್ದರೆ ಇರುತ್ತಿದ್ದುದು ಐದೇ. ಒಣ ಬೇಸಗೆಯಲ್ಲೇ ಹೀಗಾದರೆ, ಸಹ್ಯಾದ್ರಿಯ ಸೆರಗಿನ ಆ ತಾಲ್ಲೂಕಿನಲ್ಲಿ ಮಳೆಗಾಲದ ಗುಂಡಿಗಳು ಏನು ಮಾಡಿಯಾವು?

ರಸ್ತೆ ಉಬ್ಬುಗಳ ಸಂಗತಿಯೂ ವಿಚಾರಾರ್ಹ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂಚನೆಯಂತೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರು ಅಗಲವಿರಬೇಕು. ಅಂಥ ಉಬ್ಬಿನ ನಡುವೆ ಕಾರು ನಿಂತಾಗ ಮುಂದಿನ ಹಿಂದಿನ ಚಕ್ರಗಳೂ ಉಬ್ಬಿನ ಮೇಲೆಯೇ ಇರುತ್ತವೆ. ಚಕ್ರಗಳ ನಡುವೆ 2.3 ಮೀಟರು ಅಂತರವಿರುವ ಈ ಕಾರಿನ ಹೊಟ್ಟೆಯ ಕೆಳಗೆ ಉಬ್ಬು 4 ಸೆಂ.ಮೀ.ನಷ್ಟೇ ಮೇಲೇಳುತ್ತದೆ. ಅದೇ ಎತ್ತರದ ಉಬ್ಬನ್ನು ಮೊಳದಗಲಕ್ಕೆ ಕಟ್ಟಿದ್ದರೆ ಇಡೀ 10 ಸೆಂ.ಮೀ. ಎದ್ದು ನಿಲ್ಲುತ್ತದೆ. 13 ಸೆಂ.ಮೀ. ತೆರವಿದ್ದ ಕಾರನ್ನು 10ಕ್ಕೆ ಇಳಿಸಿದರೆ, ಮೊದಲ ಉಬ್ಬು ನಿರಪಾಯ; ಎರಡನೆಯದು ಎಂಜಿನಿನ ಎಣ್ಣೆಯ ತೊಟ್ಟಿಯನ್ನು ಉಜ್ಜೀತು.

ಹೊಸ ಸ್ಪ್ರಿಂಗು ದುಬಾರಿಯೆಂದು ಇದ್ದುದರಲ್ಲೇ ಒಂದು ಸುತ್ತು ಕತ್ತರಿಸುವವರೂ ಇದ್ದಾರೆ. ಇದು ಸರ್ವಥಾ ಸಲ್ಲದು. ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರದು. ಬೆಂಕಿಯಿಂದ ಕತ್ತರಿಸಿದರಂತೂ ಉಕ್ಕಿನ ಹದವೇ ಕೆಡುವುದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಟಿಗೆ ಮಿತಿಗಳನ್ನು ವಿಧಿಸಿದೆಯೆಂಬುದನ್ನೂ ಮರೆಯಬಾರದು.

ಅಳತೆ ಮುಗಿದ ಮೇಲೆ ಆ ತರುಣರು ಹಾಳೆಯ ಮೇಲಿನ ಎರಡು ಅಂಕಿಗಳನ್ನು ತುಸು ಹೊತ್ತು ನೋಡುತ್ತಿದ್ದರು. “ಅವ್ವನ ಬೆನ್ನು ಇದನ್ನ ತಡಿಯೂದಿಲ್ಲ ಬಿಡ್ರಿ,” ಎಂದು ಹೇಳಿ ಸ್ಪ್ರಿಂಗುಗಳನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟರು. ಸಮತಟ್ಟಾದ ಪಂದ್ಯದ ಹಾದಿಯಲ್ಲಾದರೆ ನಾವೇ ಅವನ್ನು ಹಾಕಿಸಲು ಹೇಳುತ್ತಿದ್ದೆವು. ವಾಚಕರಲ್ಲಿ ಯಾರಾದರೂ ತಮ್ಮ ಕಾರನ್ನು ತಗ್ಗಿಸಬಯಸಿದರೆ, ಹಣ ತೆರುವ ಮುನ್ನ ಒಂದು ರಬ್ಬರಿನ ಬಳೆಯನ್ನು ತೊಡಿಸಿ, ತಾವು ದಿನವೂ ಸಾಗುವ ರಸ್ತೆಯಲ್ಲಿ ಒಮ್ಮೆ ಹೋಗಿಬರಲಿ.