ಖಾಸಗಿ ನೌಕೆ ಚಂದ್ರನ ಮೇಲೆ ‘ಇಳಿಯಿತು’ ಎಂದರೆ ಏನರ್ಥ?

2024ರ ಫೆಬ್ರವರಿ 22ರಂದು ಅಮೆರಿಕದ ಇಂಟ್ಯೂಟಿವ್ ಮಷೀನ್ಸ್ ಕಂಪನಿಯ ಒಡಿಸ್ಸಿಯಸ್ ನೌಕೆ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ನೌಕೆ ನೆಟ್ಟಗೆ ನಿಂತಿದೆ ಎಂದು ಕೆಲವೇ ಗಂಟೆಗಳಲ್ಲಿ ಕಂಪನಿ ಪ್ರಕಟಿಸಿತು. ಸುದ್ದಿಯೂ ಹಾಗೆಯೇ ಹರಡಿತು. ಆದರೆ ನೌಕೆ ಪಕ್ಕಕ್ಕೆ ಉರುಳಿದೆ ಎಂದು ಮರುದಿನ ಕಂಪನಿಯೇ ತಿದ್ದಿ ಹೇಳಿತು. ಸುದ್ದಿ ತಿಳಿದ ಕೂಡಲೇ ಕಂಪನಿಯ ಷೇರಿನ ಬೆಲೆ ಕುಸಿಯಿತು.

ಹಾಗಾದರೆ ಕಂಪನಿ ಸುಳ್ಳು ಹೇಳಿತ್ತೇ? ಹಾಗೆನ್ನಲು ಆಧಾರವಿಲ್ಲ. ಮೊದಲು ಹೇಳಿದ್ದು ಹಳೆಯ ದತ್ತಾಂಶವನ್ನು ನಂಬಿ ಎಂದು ಅದು ವಿವರಿಸಿತು. ಸುಮಾರು 3.84 ಲಕ್ಷ ಕಿಲೋಮೀಟರ್ ದೂರದ ನೌಕೆಯನ್ನು ಇಲ್ಲಿಂದ ಕಣ್ಣಾರೆ ನೋಡಲಾಗದು. ಅದು ಕಳಿಸುವ ಸಂಕೇತಗಳಿಂದಲೇ ಅದರ ಸ್ಥಿತಿಯನ್ನು ಅಂದಾಜಿಸಬೇಕು. ಆದ್ದರಿಂದ ಇಂಥ ಘೋಷಣೆಯನ್ನು ‘ಕಂಪನಿ ಹೀಗೆ ಹೇಳಿದೆ’ ಎಂದು ಬರೆಯಬೇಕೇ ಹೊರತು ‘ಹೀಗಾಗಿದೆ’ ಎಂದಲ್ಲ.

ಇನ್ನೊಂದು ಗೊಂದಲ ‘ಯಶಸ್ಸು’ ಎಂಬ ಪದದ್ದು. ಉರುಳಿದ್ದರೂ ಒಡಿಸ್ಸಿಯಸ್ ಫೆಬ್ರವರಿ 29ರವರೆಗೆ ಸಂಪರ್ಕದಲ್ಲಿತ್ತು, ಮಾಹಿತಿಯನ್ನೂ ಕಳಿಸಿತು. 2025ರ ಮಾರ್ಚ್ 2ರಂದು ಫೈರ್‌ಫ್ಲೈ ಕಂಪನಿಯ ಬ್ಲೂ ಘೋಸ್ಟ್ ನೆಟ್ಟಗೆ ಇಳಿದು ಎರಡು ವಾರ ಕೆಲಸ ಮಾಡಿತು. ಅದಾದ ನಾಲ್ಕೇ ದಿನಕ್ಕೆ ಇಳಿದ ಇಂಟ್ಯೂಟಿವ್ ಮಷೀನ್ಸ್‌ನ ಎರಡನೇ ನೌಕೆ ಅಥೀನಾ ಕೂಡ ಉರುಳಿತು. ಅದರ ಕೆಲಸ ಮರುದಿನವೇ ಮುಗಿಯಿತು. ಮೂರೂ ‘ಇಳಿದವು’ ಎನ್ನುವುದು ನಿಜ, ಆದರೆ ಮೂರರ ಫಲ ಒಂದೇ ಅಲ್ಲ.

ಇದರಿಂದ ನಮಗೇನು ಎನ್ನಬಹುದು. ನೌಕೆ ಖಾಸಗಿಯಾದರೂ ಅದರಲ್ಲಿದ್ದ ಉಪಕರಣಗಳನ್ನು ಚಂದ್ರನಿಗೆ ಒಯ್ಯಲು ಹಣ ಕೊಟ್ಟಿದ್ದು ನಾಸಾ, ಅಂದರೆ ಅಲ್ಲಿನ ತೆರಿಗೆದಾರರು. ಭಾರತವೂ 2020ರಿಂದ ಬಾಹ್ಯಾಕಾಶ ಕ್ಷೇತ್ರವನ್ನು ಖಾಸಗಿ ಕಂಪನಿಗಳಿಗೆ ತೆರೆದಿದೆ. ಇಂಥ ಸುದ್ದಿಗಳು ಇಲ್ಲಿಯೂ ಹೆಚ್ಚಲಿವೆ.

ಅವುಗಳನ್ನು ಓದುವಾಗ ನಾವು ಮೂರು ಪ್ರಶ್ನೆ ಕೇಳಿಕೊಳ್ಳೋಣ:

1. ಇದನ್ನು ಹೇಳುತ್ತಿರುವವರು ಯಾರು? ಕಂಪನಿ ಮಾತ್ರವೇ, ಅಥವಾ ಅದರ ಲಾಭನಷ್ಟಕ್ಕೆ ಸಂಬಂಧವಿಲ್ಲದ ತಜ್ಞರೂ ಇದ್ದಾರೆಯೇ?

2. ಹೊರಡುವ ಮುನ್ನ ಏನು ಮಾಡುತ್ತೇವೆಂದು ಹೇಳಿದ್ದರು, ಅದರಲ್ಲಿ ಎಷ್ಟು ಆಯಿತು?

3. ಉಪಕರಣಗಳು ಕೆಲಸ ಮಾಡಿದವೇ? ಎಷ್ಟು ದಿನ?

ಉತ್ತರ ಸಿಗದಿದ್ದರೆ ಒಂದು ದಿನ ಕಾಯೋಣ. ಒಡಿಸ್ಸಿಯಸ್ ಉರುಳಿದ್ದು ಗೊತ್ತಾಗಲು ಒಂದೇ ದಿನ ಸಾಕಾಗಿತ್ತು.