ಕೀಲು ನೋವು ಮನಸ್ಸನ್ನೂ ಕುಗ್ಗಿಸುತ್ತದೆ

ಫಜ್ರ್‌ಗೆ ಎದ್ದಾಗ ಬೆರಳು ಮಡಚಲಾಗುವುದಿಲ್ಲವೇ? ವುಝೂ ಮಾಡಲು ನಲ್ಲಿ ತಿರುಗಿಸುವುದೂ ಕಷ್ಟವೇ? ಈ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಉಳಿದು, ಕೈಯ ಸಣ್ಣ ಕೀಲುಗಳ ಊತ ವಾರಗಳಾದರೂ ಇಳಿಯದಿದ್ದರೆ ‘ವಾಯು’ ಎಂದು ಸುಮ್ಮನಾಗಬೇಡಿ. ಅದು ರುಮಟಾಯ್ಡ್ ಸಂಧಿವಾತವಿರಬಹುದು. ದೇಹದ ರೋಗನಿರೋಧಕ ಶಕ್ತಿ ತನ್ನದೇ ಕೀಲುಗಳ ಮೇಲೆ ಎರಗುವ ಈ ಕಾಯಿಲೆ ಪುರುಷರಿಗಿಂತ ಮಹಿಳೆಯರಲ್ಲಿ 2ರಿಂದ 3 ಪಟ್ಟು ಹೆಚ್ಚು.

ಊದಿದ ಬೆರಳು ಎಲ್ಲರಿಗೂ ಕಾಣುತ್ತದೆ, ಕುಗ್ಗಿದ ಮನಸ್ಸು ಕಾಣುವುದಿಲ್ಲ. ತಾಯಿ ಮಾತು ಕಡಿಮೆ ಮಾಡಿದರೆ, ಮದುವೆ ಮನೆಗೆ ಬರಲೊಲ್ಲೆ ಎಂದರೆ ‘ಸಿಡುಕು’, ‘ಸೋಮಾರಿತನ’ ಎಂದುಬಿಡುತ್ತೇವೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈ ಸಂಧಿವಾತವಿರುವ ಸುಮಾರು 6 ಮಂದಿಯಲ್ಲಿ ಒಬ್ಬರಿಗೆ ತೀವ್ರ ಖಿನ್ನತೆ ಕಂಡುಬಂದಿದೆ.

ಇದಕ್ಕೆ ಕಾರಣಗಳಿವೆ. ನೋವು ನಿದ್ದೆ ಕೆಡಿಸುತ್ತದೆ. ಉರಿಯೂತದ ವೇಳೆ ರಕ್ತದಲ್ಲಿ ಹೆಚ್ಚುವ ಕೆಲವು ರಾಸಾಯನಿಕಗಳು ಮೆದುಳಿನ ಮೇಲೂ ಪರಿಣಾಮ ಬೀರಿ ಆಯಾಸ, ನಿರುತ್ಸಾಹ ತರುತ್ತವೆ. ಖಿನ್ನತೆ ಬಂದರೆ ನೋವು ಇನ್ನಷ್ಟು ಕಾಡುತ್ತದೆ, ಮಾತ್ರೆ ತಪ್ಪುತ್ತದೆ, ಕೀಲು ಮತ್ತೆ ಕೆಡುತ್ತದೆ.

ಎರಡು ಪ್ರಶ್ನೆ ಕೇಳಿಕೊಳ್ಳಿ: ಕಳೆದ 2 ವಾರಗಳಲ್ಲಿ ಹೆಚ್ಚಿನ ದಿನ ಮನಸ್ಸು ಕುಗ್ಗಿತ್ತೇ? ಯಾವುದರಲ್ಲೂ ಆಸಕ್ತಿ ಇರಲಿಲ್ಲವೇ? ಹೌದಾದರೆ, ಕೀಲಿನ ವೈದ್ಯರಿಗೂ ಅದನ್ನು ಹೇಳಿ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು.

ಮದ್ದೂರು, ಮಳವಳ್ಳಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬಹುದು. ಹೆಚ್ಚಿನ ತಪಾಸಣೆಗೆ ಮಂಡ್ಯದ ಮಿಮ್ಸ್ ಆಸ್ಪತ್ರೆಯಿದೆ. ಹೊರಗೆ ಹೋಗಲಾಗದವರು 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ‘ಟೆಲಿ ಮನಸ್’ ಎಂಬ ಈ ಸರಕಾರಿ ಸಹಾಯವಾಣಿ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡವೆನಿಸಿದರೆ ಒಂದು ಕ್ಷಣವೂ ತಡಮಾಡಬೇಡಿ.

ಔಷಧದಲ್ಲಿ ಎಚ್ಚರವಿರಲಿ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳಬೇಕು, ದಿನವೂ ನುಂಗಿದರೆ ಪ್ರಾಣಾಪಾಯ. ಸ್ಟೀರಾಯ್ಡ್ ಮಾತ್ರೆಯಿಂದ ನಿದ್ದೆ, ಮನಸ್ಥಿತಿ ಬದಲಾಗಬಹುದು. ಹಾಗೆಂದು ತಾವಾಗಿಯೇ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಬೇಕು. ರಮಝಾನ್‌ಗೆ ಮುನ್ನ ಔಷಧದ ಹೊತ್ತನ್ನು ಕೇಳಿಕೊಳ್ಳಿ.

ಸಬ್ರ್ ಎಂದರೆ ನೋವನ್ನು ಮುಚ್ಚಿಡುವುದಲ್ಲ. ನಿಲ್ಲಲಾಗದವರಿಗೆ ಕುಳಿತು ನಮಾಝ್ ಮಾಡುವ ರಿಯಾಯಿತಿಯನ್ನು ದೀನ್ ಕೊಟ್ಟಿದೆ. ಮನೆಯವರಾದ ನಾವೂ ಸ್ವಲ್ಪ ರಿಯಾಯಿತಿ ಕೊಡೋಣ. ಹಿಟ್ಟು ಕಲಸುವ, ಬಟ್ಟೆ ಹಿಂಡುವ ಕೆಲಸವನ್ನು ಇಂದೇ ಹಂಚಿಕೊಳ್ಳೋಣ. ‘ನೋವು ಹೇಗಿದೆ?’ ಎಂದು ಕೇಳುವಾಗ ‘ಮನಸ್ಸು ಹೇಗಿದೆ?’ ಎಂದೂ ಕೇಳೋಣ.